ಟಾಂಕಿ ಕಂಟ್ರೋಲರ್ ಬೋರ್ಡಲ್ಲಿ ಹನ್ನೆರಡು ಡಯೋಡ್: ಯಾವುದು ಎಲ್ಲಿ, ಯಾಕೆ

ಡೊಂಬಿವಲಿಯ ನಮ್ಮ ಬಿಲ್ಡಿಂಗಿಗೆ ಏಳು ಮಾಳಿಗೆ. ಟೆರೇಸಿನ ಟಾಂಕಿ ತುಂಬಿ ನೀರು ಸುರಿಯುವುದು ವಾಚ್‌ಮನ್‌ಗೆ ಗೊತ್ತಾಗೋದು ಮೇಲಿನ ಮನೆಯವರು ಕಿಟಕಿಯಿಂದ ಕಿರುಚಿದ ಮೇಲೆಯೇ. ಸೊಸೈಟಿ ಮೀಟಿಂಗಲ್ಲಿ ಇದೇ ವಿಷಯಕ್ಕೆ ಜಗಳ ಆಗ್ತಾ ಇದ್ದಾಗ ನಾನು ಸುಮ್ಮನೆ ಕೂತಿದ್ರೆ ಆಗ್ತಿತ್ತು, ಆದ್ರೆ ಬಾಯಿ ಬಿಟ್ಟು "ಟಾಂಕಿ ತುಂಬಿದ್ರೆ ಪಂಪ್ ತನ್ನಷ್ಟಕ್ಕೆ ನಿಲ್ಲಿಸುವ ಒಂದು ಕಂಟ್ರೋಲರ್ ಬೋರ್ಡ್ ನಾನೇ ಮಾಡಿ ಕೊಡ್ತೇನೆ" ಅಂದುಬಿಟ್ಟೆ, ಮತ್ತೆ ಎರಡು ತಿಂಗಳು ಅದೇ ಕೆಲಸ.

ಬೋರ್ಡ್ ಮುಗಿದ ಮೇಲೆ ಎಣಿಸಿ ನೋಡಿದ್ರೆ ಅದರಲ್ಲಿ ಹನ್ನೆರಡು ಡಯೋಡ್ ಉಂಟು. ಬ್ರಿಡ್ಜಿಗೆ (ಎಸಿಯನ್ನು ಡಿಸಿ ಮಾಡುವ ಜಾಗ) ನಾಲ್ಕು, ರಿಲೇಗೆ (ಸಣ್ಣ ಕರೆಂಟಿಂದ ಆನ್-ಆಫ್ ಆಗುವ ಸ್ವಿಚ್) ಎರಡು, ಬ್ಯಾಟರಿಗೆ ಒಂದು, ಝೀನರ್ (ವೋಲ್ಟೇಜನ್ನು ಒಂದು ಗಡಿಯಲ್ಲಿ ಹಿಡಿಯುವ ಡಯೋಡ್) ಎರಡು, ಎಲ್‌ಇಡಿ ಮೂರು. ಹೌದು, ಎಲ್‌ಇಡಿ ಕೂಡ ಡಯೋಡೇ, ಹೆಸರಲ್ಲೇ ಉಂಟು. ಕೆಲಸ ಒಂದೇ, ಕರೆಂಟನ್ನು ಒಂದು ಕಡೆಗೆ ಬಿಡೋದು ಇನ್ನೊಂದು ಕಡೆಗೆ ತಡೆಯೋದು, ಆದ್ರೆ ಕೂತ ಜಾಗ ಬದಲಾದ ಹಾಗೆ ಅದರ ಉಪಯೋಗ ಪೂರಾ ಬದಲಾಗ್ತದೆ. ಪುಸ್ತಕದಲ್ಲಿ ಪಿ-ಎನ್ ಜಂಕ್ಷನ್ ಚಿತ್ರ ನೋಡಿ ಪರೀಕ್ಷೆ ಪಾಸಾದವರಿಗೂ (ನಾನೂ ಅದೇ ಗುಂಪು) ಎಲ್ಲಿ ಯಾವ ನಂಬರ್ ಹಾಕ್ಬೇಕು ಅಂತ ಕೇಳಿದ್ರೆ ತಡವರಿಸ್ತೇವೆ. ಹಾಗಾಗಿ ಈ ಒಂದೇ ಬೋರ್ಡನ್ನು ಹಿಡ್ಕೊಂಡು ಹೆಜ್ಜೆ ಹೆಜ್ಜೆಯಾಗಿ ಹೇಳ್ತೇನೆ, ನೀವು ಟಾಂಕಿ ಬಿಟ್ಟು ಬೇರೆ ಎಂತ ಮಾಡಿದ್ರೂ ಇವೇ ಜಾಗಗಳು ಮತ್ತೆ ಮತ್ತೆ ಬರ್ತವೆ.

ಮೊದ್ಲು ಸಾಮಾನು

ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇರುವಾಗ ಚಿಂತೆ ಇಲ್ಲ. ಗ್ರ್ಯಾಂಟ್ ರೋಡ್ ಸ್ಟೇಷನ್ನಲ್ಲಿ ಇಳಿದು ನಡೆದ್ರೆ ಸಿಕ್ತದೆ, ಬೋರ್ಡಲ್ಲಿ ಡಾ. ಭಡಕಮಕರ್ ಮಾರ್ಗ ಅಂತ ಬರೆದಿರ್ತದೆ ಆದ್ರೆ ಹಾಗೆ ಕರೆಯೋರನ್ನು ನಾನು ಕಂಡಿಲ್ಲ. ಪುಣೆಯವರಿಗೆ ಬುಧವಾರ ಪೇಟೆ, ಪಾಸೋಡ್ಯಾ ವಿಠೋಬಾದ ಸುತ್ತಮುತ್ತ. ಗೋವಾದಲ್ಲಿ ಇರುವ ನನ್ನ ಭಾವ ಮಾತ್ರ ಎಲ್ಲಾ ಕೊರಿಯರಲ್ಲೇ ತರಿಸೋದು.

ಅಂಗಡಿಯಲ್ಲಿ "ಡಯೋಡ್ ಕೊಡಿ" ಅಂದ್ರೆ ಕೌಂಟರಿನವ ನಿಮ್ಮ ಮುಖ ನೋಡ್ತಾನೆ. ನಂಬರ್ ಹೇಳ್ಬೇಕು. ಬರೆದ್ಕೊಳ್ಳಿ.

1ಎನ್4007: ಕಪ್ಪು ಮೈ, ಒಂದು ತುದಿಯಲ್ಲಿ ಬಿಳಿ ಪಟ್ಟಿ. 1 ಆಂಪ್, 1000 ವೋಲ್ಟ್ ತಡ್ಕೊಳ್ತದೆ. ಇದರ ಅಣ್ಣತಮ್ಮಂದಿರು 4001ರಿಂದ ಶುರುವಾಗ್ತಾರೆ, 4001 ಬರೀ 50 ವೋಲ್ಟಿನದ್ದು, ಆದ್ರೆ ರೇಟಲ್ಲಿ ಹೇಳುವಷ್ಟು ಫರಕ್ ಇಲ್ಲ, ಹಾಗಾಗಿ ಎಲ್ಲರೂ 4007ನ್ನೇ ಡಬ್ಬಿ ತುಂಬ ಇಟ್ಕೊಳ್ತಾರೆ, ನೀವೂ ಇಪ್ಪತ್ತು ತಗೊಳ್ಳಿ. 1ಎನ್4148: ಗಾಜಿನ ಚಿಕ್ಕದು, ಕೇಸರಿ ಬಣ್ಣದ ಹಾಗೆ ಕಾಣ್ತದೆ, ಕಪ್ಪು ಪಟ್ಟಿ, ಸಣ್ಣ ಕರೆಂಟಿಗೆ, ಆದ್ರೆ ಭಾರಿ ಚುರುಕು. 1ಎನ್5819: ಷಾಟ್ಕಿ, ಅಂದ್ರೆ ತನ್ನಲ್ಲಿ ವೋಲ್ಟೇಜ್ ಕಮ್ಮಿ ತಿನ್ನುವ ಜಾತಿ, 1 ಆಂಪ್ 40 ವೋಲ್ಟ್. ಅದೇ ಜಾತಿಯ ಎಸ್‌ಬಿ160 ಅಂದ್ರೆ 60 ವೋಲ್ಟಿಂದು. ಝೀನರಲ್ಲಿ 5.1 ವೋಲ್ಟ್ 1 ವ್ಯಾಟ್, ನಂಬರ್ 1ಎನ್4733ಎ.

ಪೈಸೆ ಉಳಿಸ್ಬೇಕಾದ್ರೆ ಒಂದು ಉಪಾಯ ಉಂಟು. ಕೆಟ್ಟ ಸಿಎಫ್‌ಎಲ್ ಬಲ್ಬ್ ಮನೆಯಲ್ಲಿ ಬಿದ್ದಿದ್ರೆ ಅದರ ಬುಡದ ಪ್ಲಾಸ್ಟಿಕ್ ಬಿಡಿಸಿ, ಒಳಗಿನ ಬೋರ್ಡಲ್ಲಿ ಸಾಮಾನ್ಯವಾಗಿ ನಾಲ್ಕು 4007 ಸಾಲಾಗಿ ಕೂತಿರ್ತವೆ. ಗಾಜಿನ ಕೊಳವೆ ಮಾತ್ರ ಒಡೀಬೇಡಿ, ಒಳಗೆ ಪಾದರಸ ಉಂಟು. ಈಗಷ್ಟೇ ಹೋಲ್ಡರಿಂದ ತೆಗೆದ ಬಲ್ಬಿಗೂ ಕೈ ಹಾಕ್ಬೇಡಿ, ದೊಡ್ಡ ಕೆಪಾಸಿಟರಲ್ಲಿ ಚಾರ್ಜ್ ಕೂತಿರ್ತದೆ, ಹೊಡೆದ್ರೆ ನೆನಪಿರ್ತದೆ.

ತಂದದ್ದನ್ನು ಪರೀಕ್ಷೆ ಮಾಡೋದು

ಸೋಲ್ಡರ್ ಮಾಡುವ ಮೊದ್ಲೇ ಪ್ರತಿಯೊಂದನ್ನೂ ಮೀಟರಲ್ಲಿ ನೋಡಿ. ಮಲ್ಟಿಮೀಟರಲ್ಲಿ ಡಯೋಡಿನ ಚಿಹ್ನೆ ಇರುವ ಜಾಗಕ್ಕೆ ತಿರುಗಿಸಿ, ತ್ರಿಕೋನದ ಮೂತಿಗೆ ಒಂದು ಗೀಟು ಇರ್ತದಲ್ಲ, ಅದು. ಆ ಗೀಟೇ ಡಯೋಡಿನ ಮೈ ಮೇಲಿನ ಪಟ್ಟಿ, ಅದು ಕ್ಯಾಥೋಡ್. ಕರೆಂಟ್ ತ್ರಿಕೋನ ತೋರಿಸುವ ದಿಕ್ಕಿಗೆ ಹೋಗ್ತದೆ, ಅಂದ್ರೆ ಪಟ್ಟಿ ಇಲ್ಲದ ಕಡೆಯಿಂದ ಒಳಗೆ, ಪಟ್ಟಿ ಇರುವ ಕಡೆಯಿಂದ ಹೊರಗೆ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡೋದಾದ್ರೆ ಇದನ್ನು ಇಡಿ.

ಕೆಂಪು ಪ್ರೋಬ್ ಪಟ್ಟಿ ಇಲ್ಲದ ಕಾಲಿಗೆ, ಕಪ್ಪು ಪಟ್ಟಿ ಇರುವ ಕಾಲಿಗೆ. 4007 ಆದ್ರೆ 0.5ರಿಂದ 0.6ರ ಆಸುಪಾಸು ತೋರಿಸ್ತದೆ, ಕೆಲವು ಮೀಟರಲ್ಲಿ 550 ಅಂತ ಮಿಲಿವೋಲ್ಟಲ್ಲಿ ಬರ್ತದೆ, ಎರಡೂ ಒಂದೇ. ಷಾಟ್ಕಿ ಆದ್ರೆ 0.2ರ ಹತ್ರ. ಕೆಂಪು ಎಲ್‌ಇಡಿ 1.8ರ ಹತ್ರ, ಜೊತೆಗೆ ಮಿಣಕ್ ಅಂತ ಉರೀತದೆ ಕೂಡ. ಪ್ರೋಬ್ ಉಲ್ಟಾ ಹಿಡಿದ್ರೆ ಎಲ್ಲದಕ್ಕೂ ಓಎಲ್ (ಕರೆಂಟ್ ಹೋಗ್ತಿಲ್ಲ ಅಂತ ಅರ್ಥ) ಬರ್ಬೇಕು, ಹಳೇ ಮೀಟರಲ್ಲಿ ಎಡಗಡೆ ಬರೀ 1. ಎರಡೂ ಕಡೆ ಸೊನ್ನೆ ಬಂದ್ರೆ ಶಾರ್ಟ್, ಎರಡೂ ಕಡೆ ಓಎಲ್ ಬಂದ್ರೆ ಓಪನ್, ಎರಡೂ ಕಸದ ಬುಟ್ಟಿಗೆ.

ಬೋರ್ಡಲ್ಲಿ ಕೂತ ಡಯೋಡನ್ನು ಹಾಗೇ ನೋಡಿ "ಹೋಗಿದೆ" ಅಂತ ತೀರ್ಮಾನ ಮಾಡ್ಬೇಡಿ. ಅದಕ್ಕೆ ಅಡ್ಡವಾಗಿ ರಿಲೇ ಕಾಯಿಲೋ ಟ್ರಾನ್ಸ್‌ಫಾರ್ಮರೋ ಇದ್ರೆ ಮೀಟರ್ ಆ ತಂತಿಯನ್ನೇ ಅಳೆದು ಶಾರ್ಟ್ ಹಾಗೆ ತೋರಿಸ್ತದೆ. ಒಂದು ಕಾಲು ಎತ್ತಿ ಅಳೀರಿ.

ಝೀನರ್ ಮಾತ್ರ ಮೀಟರಿಗೆ ಸಾದಾ ಡಯೋಡ್ ಹಾಗೆಯೇ ಕಾಣ್ತದೆ. ಗಾಜಿನ ಮೈ ಮೇಲಿನ ಅಕ್ಷರ ಅಳಿಸಿ ಹೋಗಿದ್ರೆ ಅದು ಎಷ್ಟು ವೋಲ್ಟಿಂದು ಅಂತ ಗೊತ್ತು ಮಾಡ್ಲಿಕ್ಕೆ 24 ವೋಲ್ಟ್ ಡಿಸಿ ತಗೊಂಡು 4.7 ಕಿಲೋ ಓಮ್ ರೆಸಿಸ್ಟರ್ ಮೂಲಕ ಉಲ್ಟಾ ಕೊಡಿ, ಅಂದ್ರೆ ಪಟ್ಟಿ ಕಡೆಗೆ ಪ್ಲಸ್, ಆಮೇಲೆ ಝೀನರಿನ ಎರಡು ಕಾಲಿನ ಮಧ್ಯೆ ವೋಲ್ಟೇಜ್ ಅಳೀರಿ. ಬಂದ ಅಂಕಿಯೇ ಅದರ ವೋಲ್ಟು, ಸ್ವಲ್ಪ ಹೆಚ್ಚುಕಮ್ಮಿ.

ಬ್ರಿಡ್ಜ್

ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಕಮ್ಮಿ ಮಾಡಿ ಕೊಡ್ತದೆ, ಆದ್ರೆ ಅದು ಇನ್ನೂ ಎಸಿ, ಸೆಕೆಂಡಿಗೆ 50 ಸಲ ಆಚೀಚೆ ಓಡ್ತದೆ. ಅದನ್ನು ಒಂದೇ ದಿಕ್ಕಿಗೆ ತರೋದು ನಾಲ್ಕು 4007ರ ಕೆಲಸ. ಕಟ್ಟೋದು ಹೀಗೆ: ಎರಡು ಡಯೋಡಿನ ಪಟ್ಟಿ ಕಡೆ ಸೇರಿಸಿ, ಅದು ಪ್ಲಸ್. ಇನ್ನೆರಡರ ಪಟ್ಟಿ ಇಲ್ಲದ ಕಡೆ ಸೇರಿಸಿ, ಅದು ಮೈನಸ್. ಈಗ ಎರಡು ಜೋಡಿಯ ಬಿಟ್ಟ ತುದಿಗಳನ್ನು ಒಂದಕ್ಕೊಂದು ಸೇರಿಸಿದ್ರೆ ಎರಡು ಗಂಟು ಆಗ್ತದೆ, ಅವೆರಡಕ್ಕೂ ಟ್ರಾನ್ಸ್‌ಫಾರ್ಮರಿನ ಎರಡು ತಂತಿ, ಯಾವುದು ಯಾವುದಕ್ಕೆ ಅಂತ ಇಲ್ಲ. ಒಂದು ಡಯೋಡ್ ಉಲ್ಟಾ ಆದ್ರೂ ಅರ್ಧ ಸೈಕಲ್ಲಿಗೆ ಟ್ರಾನ್ಸ್‌ಫಾರ್ಮರ್ ಪೂರಾ ಶಾರ್ಟ್. ಅದಕ್ಕೇ ಮೊದಲ ಸಲ ಕರೆಂಟ್ ಕೊಡುವಾಗ ಪ್ರೈಮರಿಯ ಸೀರೀಸಲ್ಲಿ 60 ವ್ಯಾಟಿನ ಹಳೇ ಹಳದಿ ಬಲ್ಬ್ ಹಾಕಿ ಕೊಡಿ, ರಿಪೇರಿಯವರೆಲ್ಲ ಇಡುವ ಸೀರೀಸ್ ಲ್ಯಾಂಪ್. ಬಲ್ಬ್ ಜೋರಾಗಿ ಉರಿದು ಹಾಗೇ ನಿಂತ್ರೆ ಎಲ್ಲೋ ಶಾರ್ಟ್ ಉಂಟು ಅಂತ ಲೆಕ್ಕ, ಪ್ಲಗ್ ತೆಗೀರಿ. ಅದು ಸರಿಯಾದ ಮೇಲೂ ಪ್ರೈಮರಿಗೆ ಫ್ಯೂಸ್ ಇರ್ಲೇಬೇಕು, ಮತ್ತೆ 230ರ ಕಡೆ ಕೈ ಹಾಕೋದು ಪ್ಲಗ್ ಕೈಯಲ್ಲಿ ಹಿಡ್ಕೊಂಡು ಮಾತ್ರ, ಸ್ವಿಚ್ ಆಫ್ ಮಾಡಿದ್ದೇನೆ ಅನ್ನೋ ನಂಬಿಕೆ ಮೇಲೆ ಬೇಡ.

ಇನ್ನು ಲೆಕ್ಕ. ನಾನು ಮೊದ್ಲು 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಂದೆ, ಬೇಕಾಗಿದ್ದದ್ದು 12 ವೋಲ್ಟ್ ಡಿಸಿ ಅಲ್ವಾ ಅಂತ. ಅದರ ಶಿಖರ 12 ಗುಣಿಸು 1.414, ಹತ್ತತ್ರ 17 ವೋಲ್ಟ್. ಬ್ರಿಡ್ಜಲ್ಲಿ ಕರೆಂಟ್ ಯಾವಾಗ್ಲೂ ಎರಡು ಡಯೋಡ್ ದಾಟಿಯೇ ಹೋಗ್ಬೇಕು, ಒಂದೊಂದಕ್ಕೆ 0.7 ಸುಂಕ ಕೊಟ್ರೆ ಉಳಿಯೋದು 15.6. ಅದರಲ್ಲಿ ರಿಪಲ್, ಅಂದ್ರೆ ಡಿಸಿಯಲ್ಲಿ ಉಳಿಯುವ ಅಲೆ, ಹೋಗ್ತದೆ. ನನ್ನ ಬೋರ್ಡಿನ ಒಟ್ಟು ಎಳೆತ 100 ಮಿಲಿಆಂಪ್, ಕೆಪಾಸಿಟರ್ 1000 ಮೈಕ್ರೋಫ್ಯಾರಡ್, ಬ್ರಿಡ್ಜ್ ಆದ ಮೇಲೆ ಅಲೆ ಸೆಕೆಂಡಿಗೆ 100 ಸಲ ಬರ್ತದೆ, ಹಾಗಾಗಿ ಕರೆಂಟನ್ನು 100ರಿಂದಲೂ ಕೆಪಾಸಿಟರ್ ಫ್ಯಾರಡಿಂದಲೂ ಭಾಗಿಸಿದ್ರೆ 1 ವೋಲ್ಟ್. ಅಲ್ಲಿಗೆ ತಗ್ಗಿನಲ್ಲಿ 14.6. ನಂತರ ಬರುವ 7812 ರೆಗ್ಯುಲೇಟರಿಗೆ (ಹೊರಗೆ ಸ್ಥಿರ 12 ವೋಲ್ಟ್ ಕೊಡುವ ಐಸಿ) ಒಳಗೆ ಕಮ್ಮಿಯಲ್ಲಿ 14 ವೋಲ್ಟ್ ಬೇಕು. ಕಾಗದದ ಮೇಲೆ ಪಾಸ್. ಆದ್ರೆ ಸಂಜೆ ಎಲ್ಲರ ಮನೆ ಏರ್ ಕಂಡೀಷನರ್ ಶುರುವಾಗಿ ಲೈನ್ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದ್ರೆ ಅದೇ ಲೆಕ್ಕ 13ಕ್ಕಿಂತ ಕೆಳಗೆ ಬರ್ತದೆ, 7812 ಕೈ ಬಿಡ್ತದೆ. ಹಾಗೆ ಮತ್ತೊಮ್ಮೆ ಲೋಕಲ್ ಹಿಡಿದು ಹೋಗಿ 15 ವೋಲ್ಟಿಂದು ತಂದೆ. 15ರ ಶಿಖರ 21.2, ಎರಡು ಡಯೋಡ್ ಕಳೆದು 19.8, ಲೈನ್ ಇಳಿದ್ರೂ 16ರ ಮೇಲೆ ನಿಲ್ತದೆ. ಕೆಪಾಸಿಟರ್ 35 ವೋಲ್ಟಿಂದು ಹಾಕಿ, 25 ಬೇಡ, ಲೋಡ್ ಇಲ್ಲದಾಗ ಚಿಕ್ಕ ಟ್ರಾನ್ಸ್‌ಫಾರ್ಮರ್ ಬರೆದದ್ದಕ್ಕಿಂತ ಸುಮಾರು ಜಾಸ್ತಿಯೇ ಕೊಡ್ತದೆ.

12-0-12 ಹಾಗೆ ಮಧ್ಯದ ತಂತಿ ಇರುವ ಟ್ರಾನ್ಸ್‌ಫಾರ್ಮರ್ ಇದ್ರೆ ಎರಡೇ ಡಯೋಡ್ ಸಾಕು, ಸುಂಕವೂ ಒಂದೇ ಡಯೋಡಿಂದು, ಆದ್ರೆ ಪ್ರತಿ ಡಯೋಡ್ ತಡೀಬೇಕಾದ ಉಲ್ಟಾ ವೋಲ್ಟೇಜ್ ಶಿಖರದ ಎರಡು ಪಟ್ಟು, 34 ವೋಲ್ಟ್. 4007ಗೆ ಅದು ಲೆಕ್ಕಕ್ಕೇ ಇಲ್ಲ ಬಿಡಿ.

"ಇಷ್ಟೆಲ್ಲಾ ಯಾಕೆ ಮಾರಾಯ, 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸು" ಅಂತ ನಮ್ಮ ತಮ್ಮ ಹೇಳಿದ. ಸಿಕ್ಕಿಸ್ಬಹುದು, ಆಗ ಈ ಭಾಗ ಪೂರಾ ಬಿಟ್ಟುಬಿಡಿ. ನನಗೆ ಮಾತ್ರ ಮಳೆಗಾಲದಲ್ಲಿ ಮೀಟರ್ ರೂಮಿನ ತೇವದಲ್ಲಿ ವರ್ಷಗಟ್ಟಲೆ ಕೂರುವ ಸಾಮಾನಿಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರೇ ಧೈರ್ಯ.

ರಿಲೇ, ಅಂದ್ರೆ ನನ್ನ ಕೈ ಸುಟ್ಟ ಜಾಗ

ಇಲ್ಲಿ ಸ್ವಲ್ಪ ಹೊತ್ತು ನಿಲ್ತೇನೆ. ಬೋರ್ಡಿನ ತಲೆ ಒಂದು ಆರ್ಡುಯಿನೋ ನ್ಯಾನೋ, ಪ್ರೋಗ್ರಾಮ್ ಹಾಕುವ ಚಿಕ್ಕ ಬೋರ್ಡ್, ಅದರ ಪಿನ್ನಿಂದ 1 ಕಿಲೋ ಓಮ್ ಮೂಲಕ ಬಿಸಿ547 ಟ್ರಾನ್ಸಿಸ್ಟರ್, ಅದರ ಕಲೆಕ್ಟರ್ ಕಾಲಿಗೆ 12 ವೋಲ್ಟಿನ ಚಿಕ್ಕ ಚೌಕದ ರಿಲೇ. ಕಾಯಿಲ್ 400 ಓಮ್, ಅಂದ್ರೆ 30 ಮಿಲಿಆಂಪ್. ಬಿಸಿ547ಗೆ 100 ಮಿಲಿಆಂಪ್ ತನಕ ಆಗ್ತದೆ, ನನಗೆ ಎಂತ ಭಯ. ಟೇಬಲ್ ಮೇಲೆ ಟಕ್ ಟಕ್ ಅಂತ ಚೆನ್ನಾಗಿ ಕೆಲಸ ಮಾಡಿತು. ನಾಲ್ಕು ದಿನಕ್ಕೆ ರಿಲೇ ಹಿಡಿದದ್ದು ಬಿಡ್ಲೇ ಇಲ್ಲ, ಟ್ರಾನ್ಸಿಸ್ಟರ್ ಶಾರ್ಟ್. ಬದಲಾಯಿಸಿದೆ. ಆರು ದಿನ. ಮತ್ತೆ ಶಾರ್ಟ್. ಅಂಗಡಿಯವ ಡುಪ್ಲಿಕೇಟ್ ಕೊಟ್ಟ ಅಂತ ಅವನಿಗೆ ಮನಸ್ಸಲ್ಲೇ ಬೈದು ಬೇರೆ ಕಡೆಯಿಂದ ಹತ್ತು ತಂದೆ.

ಎರಡನೇ ಮಾಳಿಗೆಯಲ್ಲಿ ಒಬ್ಬರು ಕಾಕಾ ಇದ್ದಾರೆ, ಒಂದು ಕಾಲದಲ್ಲಿ ಟಿವಿ ರಿಪೇರಿ ಮಾಡ್ತಿದ್ದವರು. ಬೋರ್ಡ್ ತಗೊಂಡು ಹೋಗಿ ತೋರಿಸಿದೆ. ಕನ್ನಡಕ ಹಣೆ ಮೇಲೆ ಏರಿಸಿ, ಬೋರ್ಡನ್ನು ಮೂಗಿಗೆ ತಾಗುವಷ್ಟು ಹತ್ರ ಹಿಡಿದು, ತಿರುಗಿಸಿ, ಒಂದೇ ಪ್ರಶ್ನೆ ಕೇಳಿದ್ರು: "ಡಾಯೋಡ್ ಕುಠೇ ಆಹೇ?" ಡಯೋಡ್ ಎಲ್ಲಿ?

ಡಯೋಡ್ ಇರ್ಲಿಲ್ಲ. ವಿಷಯ ಎಂತ ಅಂದ್ರೆ ಕಾಯಿಲಿಗೆ ತನ್ನೊಳಗೆ ಹರೀತಾ ಇರುವ ಕರೆಂಟ್ ಒಮ್ಮೆಲೇ ನಿಲ್ಲೋದು ಆಗಿ ಬರೋದಿಲ್ಲ. ಟ್ರಾನ್ಸಿಸ್ಟರ್ ಆಫ್ ಆದ ಕ್ಷಣ ದಾರಿ ಮುಚ್ಚಿತು, ಆದ್ರೆ ಆ 30 ಮಿಲಿಆಂಪ್ ಮುಂದಕ್ಕೆ ನುಗ್ಗಲಿಕ್ಕೆ ನೋಡ್ತದೆ, ಅದಕ್ಕೋಸ್ಕರ ಕಾಯಿಲ್ ತಾನೇ ಉಲ್ಟಾ ವೋಲ್ಟೇಜ್ ಹುಟ್ಟಿಸ್ತದೆ, 12 ವೋಲ್ಟಿನ ರಿಲೇ ನೂರು ದಾಟಿಸಿ ಒದೀತದೆ. ಬಿಸಿ547 ತಡ್ಕೊಳ್ಳೋದು 45 ವೋಲ್ಟ್. ಪ್ರತಿ ಸಲ ರಿಲೇ ಬಿಡುವಾಗ ಅದಕ್ಕೆ ಒಂದು ಒದೆ ಬೀಳ್ತಿತ್ತು, ಪಾಪ, ನಾಲ್ಕು ದಿನ ಬದುಕಿದ್ದೇ ದೊಡ್ಡದು.

ಮದ್ದು: ಕಾಯಿಲಿನ ಎರಡು ಪಿನ್ನಿಗೆ ಅಡ್ಡವಾಗಿ ಒಂದು 4007, ಪಟ್ಟಿ 12 ವೋಲ್ಟ್ ಪ್ಲಸ್ ಕಡೆಗೆ, ಇನ್ನೊಂದು ಕಾಲು ಕಲೆಕ್ಟರಿಗೆ. ರಿಲೇ ಆನ್ ಇರುವಾಗ ಇದು ಉಲ್ಟಾ ಕೂತಿರೋದ್ರಿಂದ ಇದ್ದೂ ಇಲ್ಲದ ಹಾಗೆ. ಆಫ್ ಆದ ಕೂಡ್ಲೇ ಕಾಯಿಲಿನ ಕರೆಂಟ್ ಈ ಡಯೋಡಿನಲ್ಲೇ ಸುತ್ತು ಹಾಕಿ ಹಾಕಿ ಸುಸ್ತಾಗಿ ನಿಲ್ತದೆ, ಕಲೆಕ್ಟರ್ 12.7 ವೋಲ್ಟಿಗಿಂತ ಮೇಲೆ ಹೋಗೋದಿಲ್ಲ. ಚಿಕ್ಕ ರಿಲೇಗೆ 4148 ಕೂಡ ಸಾಕು.

ನಾನು ಕಾಕಾನ ಮಾತು ಕೇಳಿ ಆ ರಾತ್ರಿಯೇ ಡಯೋಡ್ ಹಾಕಿದೆ, ನಿದ್ದೆಗಣ್ಣಲ್ಲಿ ಉಲ್ಟಾ ಹಾಕಿದೆ. ಟ್ರಾನ್ಸಿಸ್ಟರ್ ಆನ್ ಆದ ಕೂಡ್ಲೇ 12 ವೋಲ್ಟಿಂದ ಡಯೋಡ್ ಮೂಲಕ ನೇರ ಗ್ರೌಂಡಿಗೆ ದಾರಿ, ಟಪ್ ಅಂತ ಬಿಸಿ547ರ ಮೂತಿ ಹಾರಿ ಗೋಡೆಗೆ ಬಡೀತು, ಸುಟ್ಟ ವಾಸನೆಗೆ ಹೆಂಡತಿ ಎದ್ದು ಬಂದು ಗ್ಯಾಸ್ ಚೆಕ್ ಮಾಡಿದಳು. ಡಯೋಡ್ ಇಲ್ಲದಿದ್ರೆ ನಾಲ್ಕು ದಿನ, ಉಲ್ಟಾ ಇದ್ರೆ ನಾಲ್ಕು ಸೆಕೆಂಡೂ ಇಲ್ಲ. ಪಟ್ಟಿ ಪ್ಲಸ್‌ಗೆ. ಸೋಲ್ಡರ್ ಮಾಡುವ ಮೊದ್ಲು ಬಾಯಲ್ಲಿ ಜೋರಾಗಿ ಹೇಳ್ಕೊಳ್ಳಿ, ನಾನು ಈಗ್ಲೂ ಹೇಳ್ತೇನೆ.

ಇದೇ ಡಯೋಡ್ ಡಿಸಿ ಮೋಟರಿಗೆ, ಸೊಲೆನಾಯ್ಡ್ ವಾಲ್ವಿಗೆ, ಕಾಯಿಲ್ ಸುತ್ತಿದ ಡಿಸಿ ಸಾಮಾನು ಯಾವುದಕ್ಕಾದ್ರೂ ಬೇಕು. ಯುಎಲ್‌ಎನ್2003 ಐಸಿ ಬಳಸಿದ್ರೆ ಡಯೋಡ್ ಒಳಗೇ ಇರ್ತವೆ, ಆದ್ರೆ ಒಂಬತ್ತನೇ ಪಿನ್ನನ್ನು 12 ವೋಲ್ಟಿಗೆ ಕೊಟ್ಟರೆ ಮಾತ್ರ ಅವು ಕೆಲಸಕ್ಕೆ ಬರೋದು, ಸುಮಾರು ಜನ ಆ ಪಿನ್ನನ್ನು ಗಾಳಿಯಲ್ಲಿ ಬಿಟ್ಟಿರ್ತಾರೆ. ಮತ್ತೆ ಮೋಟರಿನ ಸ್ಪೀಡ್ ಪಿಡಬ್ಲ್ಯುಎಮ್‌ನಲ್ಲಿ ಕಂಟ್ರೋಲ್ ಮಾಡೋದಾದ್ರೆ, ಸೆಕೆಂಡಿಗೆ ಸಾವಿರಗಟ್ಟಲೆ ಸಲ ಆನ್-ಆಫ್, ಅಲ್ಲಿ 4007 ಬೇಡ. ಅದು ಸ್ವಭಾವಕ್ಕೆ ನಿಧಾನ, ಬಾಗಿಲು ಮುಚ್ಚು ಅಂದ್ರೆ ಮುಚ್ಚಲಿಕ್ಕೆ ಹೊತ್ತು ತಗೊಂಡು ಬಿಸಿ ಆಗ್ತದೆ, ಷಾಟ್ಕಿ ಅಥವಾ ಯುಎಫ್4007 ಹಾಕಿ.

ಬ್ಯಾಟರಿಗೆ ಒಂದು

ಕರೆಂಟ್ ಹೋದಾಗ ಪಂಪ್ ಹೇಗೂ ಓಡೋದಿಲ್ಲ, ಆದ್ರೆ ಟಾಂಕಿ ಖಾಲಿ ಆಗ್ತಾ ಬಂದ್ರೆ ಬಝರ್ ಹೊಡೀಬೇಕು ಅಂತ ಸೆಕ್ರೆಟರಿಯ ಹಟ. ಹಾಗಾಗಿ 12 ವೋಲ್ಟಿನ ಸೀಲ್ಡ್ ಬ್ಯಾಟರಿ ಒಂದು, ಅದಕ್ಕೆ ಚಾರ್ಜರ್ ಬೇರೆಯೇ. ಎರಡು ಮೂಲ ಒಂದೇ ಬೋರ್ಡಿಗೆ ಸೇರುವಾಗ ಡಯೋಡ್ ಬೇಕು, ಯಾರ ವೋಲ್ಟೇಜ್ ಹೆಚ್ಚೋ ಅವರು ಕೊಡ್ತಾರೆ, ಇನ್ನೊಬ್ಬರು ಸುಮ್ಮನೆ ಕೂರ್ತಾರೆ, ಬದಲಾವಣೆ ತನ್ನಷ್ಟಕ್ಕೆ.

ಎಲ್ಲಿ ಸೇರಿಸೋದು ಅನ್ನೋದೇ ಇಲ್ಲಿಯ ಗುಟ್ಟು. 7812 ಆದ ಮೇಲೆ ಸೇರಿಸಿದ್ರೆ ಅಲ್ಲಿ ಇರೋದು 12, ತುಂಬಿದ ಬ್ಯಾಟರಿ 12.7, ಅಂದ್ರೆ ಕರೆಂಟ್ ಇರುವಾಗ್ಲೂ ಬ್ಯಾಟರಿಯೇ ಖರ್ಚಾಗ್ತದೆ. ಆದ್ದರಿಂದ 7812ರ ಮುಂಚೆ, ದೊಡ್ಡ ಕೆಪಾಸಿಟರಿನ ಪ್ಲಸ್‌ಗೆ ಸೇರಿಸಿ. ಅಲ್ಲಿ 19 ವೋಲ್ಟ್ ಇರುವ ತನಕ ಬ್ಯಾಟರಿ ಡಯೋಡ್ ಮುಚ್ಚಿರ್ತದೆ. ಕರೆಂಟ್ ಹೋದ್ರೆ ಬ್ಯಾಟರಿ ತೆರ್ಕೊಳ್ತದೆ. ಬ್ಯಾಟರಿಯ ಕರೆಂಟ್ ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋಗೋದಿಲ್ವಾ ಅಂದ್ರೆ ಬ್ರಿಡ್ಜೇ ತಡೀತದೆ, ಅದೂ ಡಯೋಡ್ ತಾನೆ, ಹಾಗಾಗಿ ಆ ಕಡೆಗೆ ಇನ್ನೊಂದು ಬೇಡ, ಒಂದು ಉಳೀತು. 7812ರ ಸುಂಕ ಕಳೆದು ಬೋರ್ಡಿಗೆ ಸುಮಾರು 10.5 ವೋಲ್ಟ್ ಸಿಕ್ತದೆ. ಸಾಮಾನ್ಯ 12 ವೋಲ್ಟಿನ ರಿಲೇ 9 ವೋಲ್ಟಿಗೇ ಹಿಡೀತದೆ, ತೊಂದ್ರೆ ಇಲ್ಲ.

ಈ ಜಾಗಕ್ಕೆ ಷಾಟ್ಕಿ ಯಾಕೆ ಅಂದ್ರೆ ಸುಂಕ ಕಮ್ಮಿ, 0.3ರ ಹತ್ರ, ಬ್ಯಾಟರಿಯ ಪ್ರತಿ ಪಾಯಿಂಟೂ ನಮಗೆ ಬೇಕು. 5819 ಹಾಕ್ಬೇಕು ಅಂತಿದ್ದೆ, ಆಮೇಲೆ ಯೋಚನೆ ಮಾಡಿದೆ, ಯಾರಾದ್ರೂ ಬ್ಯಾಟರಿ ಬದಲಾಯಿಸುವಾಗ ಕೆಂಪು-ಕಪ್ಪು ಅದಲುಬದಲು ಮಾಡಿದ್ರೆ ಡಯೋಡ್ ಮೇಲೆ ಬೀಳೋದು ಎರಡೂ ಸೇರಿ, ಲೋಡ್ ಇಲ್ಲದಾಗಿನ 24ಕ್ಕೆ 13 ಕೂಡಿಸಿದ್ರೆ 37. 40ರ ಗಡಿಗೆ ತೀರಾ ಹತ್ರ. ಎಸ್‌ಬಿ160 ಹಾಕಿದೆ. ಹೀಗೆ ಒಂದೇ ಡಯೋಡ್ ಬದಲಿ ಮೂಲವೂ ಆಯ್ತು, ಉಲ್ಟಾ ಬ್ಯಾಟರಿಯ ಕಾವಲೂ ಆಯ್ತು. ಕಳೆದ ದೀಪಾವಳಿಗೆ ಮುಂಚೆ ನಿಜವಾಗಿಯೂ ಒಬ್ಬ ಉಲ್ಟಾ ಹಾಕಿದ್ದ, ಏನೂ ಆಗ್ಲಿಲ್ಲ, ಬಝರ್ ಹೊಡೀಲಿಲ್ಲ ಅಷ್ಟೇ.

ಷಾಟ್ಕಿಗೆ ಒಂದು ಕೆಟ್ಟ ಗುಣ ಉಂಟು, ಮುಚ್ಚಿದಾಗ್ಲೂ ಸಣ್ಣಕೆ ಸೋರ್ತದೆ, ಬಿಸಿ ಆದ ಹಾಗೆ ಸೋರಿಕೆ ಜಾಸ್ತಿ. ಚಾರ್ಜ್ ಆಗುವ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಚಾರ್ಜ್ ಮಾಡಬಾರದ ಸೆಲ್ ಹಾಕೋದಾದ್ರೆ 4007ನ್ನೇ ಹಾಕಿ.

ಮೇಲಿಂದ ಬರುವ ತಂತಿ

ಟೆರೇಸಿನ ಟಾಂಕಿಯಲ್ಲಿ ಎರಡು ಫ್ಲೋಟ್ ಸ್ವಿಚ್ (ನೀರಿನ ಮಟ್ಟಕ್ಕೆ ತೇಲಿ ಆನ್-ಆಫ್ ಆಗುವಂಥದ್ದು), ಅಲ್ಲಿಂದ ಏಳು ಮಾಳಿಗೆ ಕೆಳಗೆ ಮೀಟರ್ ರೂಮಿನ ತನಕ ತಂತಿ. ಇಷ್ಟುದ್ದದ ತಂತಿ ಅಂದ್ರೆ ಏರಿಯಲ್ ಇದ್ದ ಹಾಗೆ, ಪಂಪ್ ಶುರುವಾದಾಗ, ಲಿಫ್ಟ್ ಓಡಿದಾಗ, ಜೂನಲ್ಲಿ ಮಿಂಚು ಹೊಡೆದಾಗ ಅದರಲ್ಲಿ ಎಂತೆಂತದ್ದೋ ಇಳಿದು ಬರ್ತದೆ. ನ್ಯಾನೋದ ಪಿನ್ನಿಗೆ ನೇರ ಕೊಟ್ರೆ ಒಂದು ಮಳೆಗಾಲ ದಾಟೋದು ಕಷ್ಟ.

ತಂತಿ ಬಂದ ಕೂಡ್ಲೇ ಸೀರೀಸಲ್ಲಿ 1 ಕಿಲೋ ಓಮ್, ಆಮೇಲೆ ಪಿನ್ನಿಂದ ಗ್ರೌಂಡಿಗೆ 5.1ರ ಝೀನರ್, ಪಟ್ಟಿ ಪಿನ್ ಕಡೆಗೆ. ಈ ಬೋರ್ಡಿನ ಡಯೋಡುಗಳಲ್ಲಿ ಝೀನರ್ ಒಂದೇ ಉಲ್ಟಾ ಕೂರಿಸಿ ದುಡಿಸುವಂಥದ್ದು. ಪ್ಲಸ್ ಕಡೆಯ ಒದೆ 5.1 ದಾಟಿದ್ರೆ ಅದು ಬಾಯಿ ತೆರೆದು ಗ್ರೌಂಡಿಗೆ ಕಳಿಸ್ತದೆ, ಮೈನಸ್ ಕಡೆಯ ಒದೆ ಬಂದ್ರೆ ಸಾದಾ ಡಯೋಡಿನ ಹಾಗೆ 0.7ಕ್ಕೇ ಹಿಡೀತದೆ. ಉಳಿದ ಭಾರ ರೆಸಿಸ್ಟರಿನ ತಲೆ ಮೇಲೆ, ಅದಿಲ್ಲದೆ ಝೀನರ್ ಹಾಕಿದ್ರೆ ಝೀನರೇ ಸುಟ್ಟು ಹೋಗ್ತದೆ. ಸಿಡಿಲು ನೇರ ಬಡಿದ್ರೆ ಇದೆಲ್ಲ ಯಾವ ಲೆಕ್ಕಕ್ಕೂ ಇಲ್ಲ, ಅದು ಬೇರೆ ಮಾತು.

ಸ್ವಿಚ್ ತೆರೆದಿರುವಾಗ ಆ ಪಿನ್ನಲ್ಲಿ ಮೀಟರ್ ಇಟ್ಟು 5ಕ್ಕಿಂತ ಕಮ್ಮಿ ಕಂಡ್ರೆ ಗಾಬರಿ ಬೇಡ. ಕಮ್ಮಿ ವೋಲ್ಟಿನ ಝೀನರ್ ಗಡಿ ಮುಟ್ಟುವ ಮುಂಚೆಯೇ ಸ್ವಲ್ಪ ಸ್ವಲ್ಪ ಬಿಡ್ಲಿಕ್ಕೆ ಶುರು ಮಾಡ್ತದೆ. 3 ವೋಲ್ಟಿನ ಮೇಲೆ ಇದ್ರೆ ನ್ಯಾನೋಗೆ ಅದು ಒಂದೇ.

ಝೀನರಿಂದ ಚಿಕ್ಕ ಸಪ್ಲೈ ಕೂಡ ಮಾಡ್ತಾರೆ. 9 ವೋಲ್ಟಿಂದ 5.1 ಬೇಕು, ಲೋಡ್ 20 ಮಿಲಿಆಂಪ್, ಝೀನರಿಗೆ 10 ಬಿಡಿ, ಒಟ್ಟು 30. ಮಧ್ಯದ 3.9 ವೋಲ್ಟನ್ನು ಅದರಿಂದ ಭಾಗಿಸಿದ್ರೆ 130 ಓಮ್, ಅಂಗಡಿಯಲ್ಲಿ ಸುಲಭಕ್ಕೆ ಸಿಗೋದು 120. ಲೋಡ್ ತೆಗೆದ್ರೆ ಪೂರಾ 32 ಮಿಲಿಆಂಪ್ ಝೀನರಲ್ಲೇ ಹೋಗ್ತದೆ, ಅದು 0.17 ವ್ಯಾಟ್, 1 ವ್ಯಾಟಿನದ್ದಕ್ಕೆ ಆರಾಮ. ಆದ್ರೆ ಲೋಡ್ ಇರ್ಲಿ ಬಿಡ್ಲಿ ಕರೆಂಟ್ ಖರ್ಚಾಗ್ತಾನೇ ಇರ್ತದಲ್ಲ, ನನಗೆ ಅದು ಇಷ್ಟ ಇಲ್ಲ, ನ್ಯಾನೋಗೆ 7805 (7812ರ ಹಾಗೆಯೇ, ಆದ್ರೆ 5 ವೋಲ್ಟಿಂದು) ಹಾಕಿದ್ದೇನೆ.

ಎಲ್‌ಇಡಿ ಮೂರರ ಬಗ್ಗೆ ಹೆಚ್ಚು ಹೇಳ್ಲಿಕ್ಕೆ ಇಲ್ಲ. ಕೆಂಪಿಗೆ 2 ವೋಲ್ಟ್, ಬಿಳಿ ಮತ್ತು ನೀಲಿಗೆ 3ರ ಮೇಲೆ. 12ರಿಂದ ಕೆಂಪು ಉರಿಸ್ಲಿಕ್ಕೆ 1 ಕಿಲೋ ಓಮ್, ನ್ಯಾನೋ ಪಿನ್ನಿಂದ 330. ಉದ್ದ ಕಾಲು ಪ್ಲಸ್. ಉಲ್ಟಾ ವೋಲ್ಟೇಜ್ ಮಾತ್ರ 5ಕ್ಕಿಂತ ಹೆಚ್ಚು ತಡಿಯೋದಿಲ್ಲ, ಹಾಗಾಗಿ ಎಸಿಗೆ ರೆಸಿಸ್ಟರ್ ಮಾತ್ರ ಹಾಕಿ ಸಿಕ್ಕಿಸುವ ಸಾಹಸ ಬೇಡ.

ಕೂರಿಸುವಾಗ

ಕಾಲು ಬಗ್ಗಿಸುವಾಗ ಮೈಯಿಂದ ಮೂರು ಮಿಲಿಮೀಟರ್ ಬಿಟ್ಟು ಪ್ಲೈಯರಲ್ಲಿ ಹಿಡ್ಕೊಂಡು ಬಗ್ಗಿಸಿ, ಗಾಜಿನದ್ದಾದ್ರೆ ಬುಡದಲ್ಲೇ ಬಗ್ಗಿಸಿದ್ರೆ ಕಣ್ಣಿಗೆ ಕಾಣದ ಬಿರುಕು ಬಿಡ್ತದೆ, ಮಳೆಗಾಲದಲ್ಲಿ ತೇವ ಒಳಗೆ ಹೋಗಿ ಆಟ ಶುರು. ಬ್ರಿಡ್ಜಿನ ನಾಲ್ಕನ್ನು ಬೋರ್ಡಿಗೆ ಅಂಟಿಸದೆ ಸ್ವಲ್ಪ ಎತ್ತಿ ನಿಲ್ಲಿಸಿ, ಗಾಳಿ ಆಡ್ಲಿ.

ಕೊನೆಗೆ ಪಂಪ್. ಚಿಕ್ಕ ರಿಲೇಯಿಂದ ನೇರ ಪಂಪಿನ ಮೋಟರ್ ಓಡಿಸ್ಬೇಡಿ, ರಿಲೇ ಕಾಂಟ್ಯಾಕ್ಟರಿನ (ಮೋಟರಿನ ಭಾರಿ ಕರೆಂಟಿಗೆ ಇರುವ ದೊಡ್ಡ ರಿಲೇ) ಕಾಯಿಲನ್ನು ಆನ್ ಮಾಡ್ಲಿ, ಕಾಂಟ್ಯಾಕ್ಟರ್ ಪಂಪನ್ನು. ಆ 230ರ ವೈರಿಂಗನ್ನು ನಾನೂ ಲೈಸೆನ್ಸ್ ಇರುವ ಇಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದ್ದು. ರಿಲೇ ಪಾಠ ಕಲಿತ ಉತ್ಸಾಹದಲ್ಲಿ ನಾನು ಆ ಕಾಂಟ್ಯಾಕ್ಟರ್ ಕಾಯಿಲಿಗೂ ಒಂದು 4007 ಅಡ್ಡ ಹಾಕೋಣ ಅಂತ ಕೈಯಲ್ಲಿ ಹಿಡ್ಕೊಂಡು ಹೊರಟಿದ್ದೆ, ಕಾಕಾ ಮೆಟ್ಟಿಲಲ್ಲೇ ತಡೆದು ನಿಲ್ಲಿಸಿದ್ರು. ಅದು ಎಸಿ ಕಾಯಿಲ್. ಅಡ್ಡ ಡಯೋಡ್ ಹಾಕಿದ್ರೆ ಅರ್ಧ ಸೈಕಲ್ಲಿಗೆ 230 ನೇರ ಶಾರ್ಟ್. ಅಲ್ಲಿಗೆ ಆರ್‌ಸಿ ಸ್ನಬ್ಬರ್, ಒಂದು ರೆಸಿಸ್ಟರ್ ಒಂದು ಕೆಪಾಸಿಟರ್ ಸೀರೀಸಲ್ಲಿ ಇರುವ ರೆಡಿ ಪೀಸ್, ಕಾಂಟ್ಯಾಕ್ಟರ್ ಮಾರುವ ಅಂಗಡಿಯಲ್ಲೇ ಸಿಕ್ತದೆ. ಆ 4007 ಈಗ್ಲೂ ಮೀಟರ್ ರೂಮಿನ ಬಾಕ್ಸಿನ ಮುಚ್ಚಳದ ಒಳಗೆ ಟೇಪಲ್ಲಿ ಅಂಟಿಸಿಟ್ಟಿದ್ದೇನೆ, ಬೋರ್ಡಿಗೆ ಸ್ಪೇರ್ ಬೇಕಾದ್ರೆ ಅಂತ.